ಗೋಕರ್ಣದಲ್ಲಿ ನನ್ನ ಮೊದಲ ಮಳೆಗಾಲ: ಏನೇನು ತಯಾರಿ ಬೇಕು?

ದಾವಣಗೆರೆ ಮಂಡಕ್ಕಿ (ಮೇ 17)

ನಮಸ್ಕಾರ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಊರು ದಾವಣಗೆರೆ. ಜನವರಿಯಲ್ಲಿ ಗೋಕರ್ಣಕ್ಕೆ ವರ್ಗವಾಯಿತು. ಇಷ್ಟು ದಿನ ಕುಮಟಾದ ಚಿಕ್ಕಮ್ಮನ ಮನೆಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಜೂನ್‌ನಿಂದ ಗೋಕರ್ಣದಲ್ಲೇ ಇರೋಣ ಅಂತ ಒಂದು ಮನೆ ನೋಡಿದ್ದೇನೆ. ಅಮ್ಮನೂ ಬರುತ್ತಾರೆ.

ಕೌಂಟರ್‌ಗೆ ಬರುವವರೆಲ್ಲ ಈಗ ಕೇಳುವುದು ಒಂದೇ. “ಮೇಡಂ, ನಮ್ಮ ಮಳೆಗಾಲ ನೋಡಿದ್ದೀರಾ?” ಇಲ್ಲ ಅಂದರೆ ಒಂದು ನಗು ನಗುತ್ತಾರೆ, ಪಾಸ್‌ಬುಕ್ ಚೀಲಕ್ಕೆ ಹಾಕಿಕೊಂಡು ಹೊರಟುಹೋಗುತ್ತಾರೆ. ಮುಂದೆ ಏನೂ ಹೇಳುವುದಿಲ್ಲ. ಆ ನಗು ನೋಡಿಯೇ ನನಗೆ ಭಯ ಶುರುವಾಗಿದೆ.

ಮನೆ ಕುಡ್ಲೆ ಬೀಚಿಗೆ ಹೋಗುವ ದಾರಿಯಲ್ಲಿದೆ. ಹಂಚಿನ ಮನೆ, ಎರಡು ಕೋಣೆ, ಚಿರೆಕಲ್ಲಿನ ಗೋಡೆ. ಬಾಡಿಗೆ 7 ಸಾವಿರ. ಅಗ್ಗ ಅಂತ ಖುಷಿಯಾಯಿತು. ಆಮೇಲೆ ಮನೆಯವರು ಮೆಲ್ಲಗೆ ಹೇಳಿದರು, ಸೆಪ್ಟೆಂಬರ್ ಕೊನೆಗೆ ಖಾಲಿ ಮಾಡಬೇಕಂತೆ, ದಸರಾಕ್ಕೆ ಟೂರಿಸ್ಟ್ ಬರ್ತಾರಂತೆ. ನಾಲ್ಕು ತಿಂಗಳಿಗೆ ಸಾಮಾನು ಹೊತ್ತುಕೊಂಡು ಹೋಗಿ, ಮತ್ತೆ ಹೊತ್ತುಕೊಂಡು ಬರುವುದಾ? ಇಲ್ಲಿ ಎಲ್ಲರೂ ಹೀಗೇ ಬಾಡಿಗೆಗೆ ಕೊಡುವುದಾ?

ಅಮ್ಮನಿಗೆ ಮಂಡಿ ನೋವಿದೆ, ಜಾರುವ ಅಂಗಳ ಅಂದರೆ ನನಗೆ ಹೆದರಿಕೆ. ಬಟ್ಟೆ ಒಣಗುವುದಿಲ್ಲ ಅಂತಾರೆ, ಹೌದಾ? ಮತ್ತೆ ಅಮ್ಮ ಒಂದು ಚೀಲ ಮಂಡಕ್ಕಿ ತರುತ್ತಾರಂತೆ. ಬೇಡ ಅಂದರೆ ಕೇಳುವುದಿಲ್ಲ. ಮಳೆಗಾಲದಲ್ಲಿ ಮಂಡಕ್ಕಿ ಉಳಿಯುತ್ತದಾ? ನಗಬೇಡಿ, ನಮ್ಮೂರಲ್ಲಿ ಇದು ಗಂಭೀರ ವಿಷಯ.

ಕೋಟಿತೀರ್ಥದ ಪಕ್ಕದವಳು (ಮೇ 17)

ತಂಗಿ, ನಾನು ಇಲ್ಲೇ ಹುಟ್ಟಿ ಇಲ್ಲೇ ಮದುವೆಯಾದವಳು. ನಾಲ್ಕು ರೂಮು ಇಟ್ಟುಕೊಂಡು 20 ವರ್ಷದ ಮೇಲಾಯಿತು. ಹಾಗಾಗಿ ಮೊದಲು ಮನೆ ವಿಷಯ ಹೇಳುತ್ತೇನೆ. ಸುಳ್ಳು ಯಾಕೆ, ನಾನೂ ಹಾಗೇ ಕೊಡುತ್ತಿದ್ದೆ. ನೀನು ಇಡೀ ತಿಂಗಳು ಕೊಡುವ 7 ಸಾವಿರ ಡಿಸೆಂಬರ್‌ನಲ್ಲಿ ನನಗೆ ಒಂದು ವಾರದೊಳಗೆ ಬರುತ್ತದೆ. ಆ ದುಡ್ಡಲ್ಲೇ ಮಳೆಗಾಲ ಕಳೆಯಬೇಕು. ನಿನ್ನ ಮನೆಯವರು ಮುಂಚೆಯೇ ಹೇಳಿದ್ದಾರಲ್ಲ, ಅದು ದೊಡ್ಡದು. ಹೇಳದೆ ಸೆಪ್ಟೆಂಬರ್ 20ಕ್ಕೆ ಬಾಗಿಲು ಬಡಿಯುವವರೂ ಇದ್ದಾರೆ.

ಕಡಲಿನ ಹತ್ತಿರ ವರ್ಷವಿಡೀ ಮನೆ ಸಿಗುವುದು ಕಷ್ಟ. ಭದ್ರಕಾಳಿ ಕಡೆ ಕೇಳು. ಇಲ್ಲಾಂದ್ರೆ ಬಂಕಿಕೊಡ್ಲ, ಹನೇಹಳ್ಳಿ. ಅಲ್ಲಿ ಟೂರಿಸ್ಟ್ ಬರಲ್ಲ, ಮೇಷ್ಟ್ರು, ನರ್ಸು, ನಿನ್ನಂಥವರೇ ಇರುವುದು. ಸ್ಕೂಟಿ ಇದ್ದರೆ ಸಾಕು.

ಯಾವ ಮನೆಯಾದರೂ ಎರಡು ವಿಷಯ ನೋಡು. ಈ ಬೇಸಿಗೆಯಲ್ಲಿ ಹಂಚು ಕೈಯಾಡಿಸಿದ್ದಾರಾ, ಅಂದರೆ ಒಡೆದದ್ದು ತೆಗೆದು ಸರಿಮಾಡಿದ್ದಾರಾ ಕೇಳು. “ಹೋದ ವರ್ಷ ಆಗಿದೆ” ಅಂದರೆ ಬಕೆಟ್ ಜಾಸ್ತಿ ತೆಗೆದುಕೊಂಡು ಹೋಗು. ಇನ್ನೊಂದು, ಪಡುವಣ ದಿಕ್ಕಿಗೆ ಏನು ಕಟ್ಟಿದ್ದಾರೆ ನೋಡು. ನಮ್ಮ ಮಳೆ ಮೇಲಿಂದ ಬೀಳುವುದಲ್ಲ, ಸಮುದ್ರದ ಕಡೆಯಿಂದ ಅಡ್ಡಡ್ಡ ಬರುವುದು. ಮೊದಲೆಲ್ಲ ತೆಂಗಿನ ಮಡಲು ಹೆಣೆದು ಜಗಲಿಗೆ ತಟ್ಟಿ ಕಟ್ಟುತ್ತಿದ್ದರು. ಈಗ ನೀಲಿ ತಾಡಪಾಲು. ಚಂದ ಇಲ್ಲ, ಆದರೆ ನೀರು ತಡೆಯುತ್ತದೆ. ಏನೂ ಕಟ್ಟದೆ ಬಿಟ್ಟರೆ ಚಿರೆಕಲ್ಲು ನೀರು ಕುಡಿದು, ಜುಲೈಯಲ್ಲಿ ಒಳಗಿನ ಗೋಡೆ ಮುಟ್ಟಿದರೆ ಕೈಗೆ ತಣ್ಣಗೆ ಅಂಟುತ್ತದೆ.

ಬಟ್ಟೆ. ಒಣಗುತ್ತದೆ, ನಾಲ್ಕು ದಿನಕ್ಕೆ. ಅಷ್ಟು ಹೊತ್ತಿಗೆ ಒಂದು ವಾಸನೆ ಬಂದಿರುತ್ತದೆ, ಆ ವಾಸನೆಯಲ್ಲೇ ಇಡೀ ಊರು ಓಡಾಡುತ್ತದೆ, ಯಾರಿಗೂ ನಾಚಿಕೆ ಇಲ್ಲ. ನಮ್ಮ ಮನೆಯಲ್ಲಿ ಬಚ್ಚಲ ಒಲೆ ಇದೆ, ಅದರ ಮೇಲೆ ಹಗ್ಗ. ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಿದರೆ ರಾತ್ರಿವರೆಗೂ ಬಿಸಿ ಇರುತ್ತದೆ. ಒಳ ಉಡುಪು, ಮಕ್ಕಳ ಯೂನಿಫಾರ್ಮು ಅಲ್ಲಿ. ಹೊಗೆ ವಾಸನೆ ಬರುತ್ತದೆ, ಬೂಷ್ಟಿನ ವಾಸನೆಗಿಂತ ವಾಸಿ ಅಲ್ವಾ. ನಿನಗೆ ಒಲೆ ಇಲ್ಲದಿದ್ದರೆ ಕೋಣೆಯೊಳಗೆ ಹಗ್ಗ ಕಟ್ಟಿ ಫ್ಯಾನ್ ಹಾಕು. ಜೀನ್ಸ್, ದಪ್ಪ ಟವೆಲ್, ರಗ್ಗು ಇವನ್ನೆಲ್ಲ ಈಗಲೇ ಒಗೆದು ಮೂಟೆ ಕಟ್ಟಿಡು. ಅಕ್ಟೋಬರ್‌ವರೆಗೆ ಮುಟ್ಟಬೇಡ. ಅಮ್ಮನ ರೇಷ್ಮೆ ಸೀರೆ ದಾವಣಗೆರೆಯಲ್ಲೇ ಇರಲಿ. ಚರ್ಮದ ಬೆಲ್ಟು, ಪರ್ಸು, ಚಪ್ಪಲಿ ತರಲೇಬೇಡ. ಒಂದು ವಾರ ಮುಟ್ಟದಿದ್ದರೆ ಬಿಳಿ ಕೂದಲು ಬಂದಿರುತ್ತದೆ ಅದಕ್ಕೆ.

ಅಮ್ಮನ ಮಂಡಿ. ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ತಿಕ್ಕು. ಬಾಗಿಲಿಂದ ಗೇಟಿನವರೆಗೆ ಅಡಿಕೆ ದಬ್ಬೆ ಅಥವಾ ಸೋಗೆ ಹಾಸಲು ಮನೆಯವರಿಗೆ ಹೇಳು. ಇಲ್ಲ ಅನ್ನಲ್ಲ. ನಮ್ಮ ಅತ್ತೆ ಬಿದ್ದಿದ್ದು ಆಗಸ್ಟ್‌ನಲ್ಲಿ, ಮಳೆ ನಿಂತು ಬಿಸಿಲು ಬಂದ ದಿನ. ಮಳೆಯಲ್ಲಿ ಎಲ್ಲರೂ ನೋಡಿಕೊಂಡೇ ನಡೆಯುತ್ತಾರೆ.

ಉಪ್ಪು ನೀರಾಗುತ್ತದೆ. ಬೆಂಕಿಪೊಟ್ಟಣ ಅಕ್ಕಿ ಡಬ್ಬಿಯೊಳಗಿಡು. ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡು. ಮಂಡಕ್ಕಿ ಬಗ್ಗೆ ನಾನು ಏನೂ ಹೇಳಲ್ಲ, ಅಮ್ಮ ಮಗಳ ಮಧ್ಯೆ ಬರಬಾರದು.

ವೀಕೆಂಡ್ ರೈಡರ್ (ಮೇ 18)

ನೀವೆಲ್ಲ ಸುಮ್ನೆ ಹೆದರಿಸ್ತಿದ್ದೀರ. ನಾನು ಹೋದ ವರ್ಷ ಜೂನ್ ಕೊನೆಯಲ್ಲಿ ಬೆಂಗಳೂರಿಂದ ಬೈಕಲ್ಲಿ ಬಂದಿದ್ದೆ. ಜನ ಇಲ್ಲ, ರೂಮು ಅರ್ಧ ರೇಟು, ಓಂ ಬೀಚ್ ಪೂರ್ತಿ ನಮ್ಮದೇ. ಬಂಡೆ ಮೇಲೆ ಕೂತು ಅಲೆ ನೋಡೋ ಮಜಾನೇ ಬೇರೆ. ಮಳೆಗಾಲವೇ ಬೆಸ್ಟ್.

ತದಡಿ ಬಂದರು (ಮೇ 18)

ವೀಕೆಂಡ್ ರೈಡರ್ ಅವರೇ, ನೀವು ಕೂತಿದ್ದ ಬಂಡೆ ಯಾವುದು ಅಂತ ನನಗೆ ಗೊತ್ತು. ನೀವು ಎದ್ದು ಬಂದಿದ್ದು ನಿಮ್ಮ ಅದೃಷ್ಟ. ಆ ಬಂಡೆಗಳ ಮೇಲೆ ಮಳೆಗಾಲದಲ್ಲಿ ಎಣ್ಣೆ ಹಚ್ಚಿದ ಹಾಗೆ ಪಾಚಿ ಇರುತ್ತದೆ. ಹತ್ತು ಅಲೆ ಸುಮ್ಮನೆ ಬಂದು ಹೋಗುತ್ತವೆ. ಹನ್ನೊಂದನೆಯದು ಎರಡು ಆಳು ಎತ್ತರ ಬರುತ್ತದೆ. ಲೆಕ್ಕ ಇಟ್ಟುಕೊಂಡು ಬರುವುದಿಲ್ಲ ಅದು.

ನಮ್ಮದು ಮೀನುಗಾರರ ಮನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಸಮುದ್ರ ಬಂದ್. ಮೀನು ಮರಿ ಮಾಡುವ ಹೊತ್ತು ಅಂತ ಒಂದು ಕಾರಣ. ಇನ್ನೊಂದು, ಆ ಕಡಲಿಗೆ ಇಳಿಯುವುದೇ ಹುಚ್ಚು. ತದಡಿಯಲ್ಲಿ ಬೋಟುಗಳೆಲ್ಲ ಅಘನಾಶಿನಿ ಹೊಳೆಯ ಒಳಗೆ ಸಾಲಾಗಿ ಕಟ್ಟಿರುತ್ತವೆ. ಬೋಟು ಓಡಿಸಿಯೇ ಹೊಟ್ಟೆ ಹೊರೆಯುವ ನಾವು ದಡದಲ್ಲಿ ಕೂತು ಬಲೆ ಹೊಲಿಯುತ್ತೇವೆ. ನೀವು ಹವಾಯಿ ಚಪ್ಪಲಿಯಲ್ಲಿ ಬಂಡೆ ಹತ್ತುತ್ತೀರಿ.

ಮಂಡಕ್ಕಿ ಮೇಡಂ, ನಿಮಗೊಂದು ಮಾತು. ನೆಂಟರು ಬಂದೇ ಬರುತ್ತಾರೆ, ಗೋಕರ್ಣದಲ್ಲಿ ಮನೆ ಅಂದರೆ ಬಿಡುತ್ತಾರಾ. ಮಳೆ ಸುರಿಯುವ ದಿನ ಅವರು ಕಡಲಿಗೆ ಹೋಗುವುದಿಲ್ಲ, ಚಿಂತೆ ಇಲ್ಲ. ಮಳೆ ಬಿಟ್ಟು ಆಕಾಶ ನೀಲಿಯಾಗುವ ದಿನ ಇರುತ್ತದಲ್ಲ, ಅವತ್ತು ಅವರನ್ನು ಕಾಯಿರಿ. ಮೇಲೆ ಬಿಸಿಲು, ಆದರೆ ದೂರದಲ್ಲಿ ಎದ್ದ ಅಲೆ ಇಲ್ಲಿಗೆ ಬರುತ್ತಲೇ ಇರುತ್ತದೆ. ಕೆಳಗಿನ ಸೆಳೆತ ಕಣ್ಣಿಗೆ ಕಾಣಲ್ಲ. ಮೊಣಕಾಲಿನವರೆಗೆ ನೀರಿದ್ದರೂ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಲೈಫ್‌ಗಾರ್ಡ್ ಸೀಟಿ ಊದಿದರೆ ಅವನ ಜೊತೆ ವಾದ ಮಾಡಬೇಡಿ ಅಂತ ನೆಂಟರಿಗೆ ಬಸ್‌ಸ್ಟ್ಯಾಂಡಿನಲ್ಲೇ ಹೇಳಿಬಿಡಿ.

ಮೀನು ತಿನ್ನುವವರಾದರೆ ಒಣ ಶೆಟ್ಲಿ (ಸಿಗಡಿ), ಒಣ ಬಂಗಡೆ ಮೇ ಒಳಗೆ ತೆಗೆದಿಡಿ. ಆಮೇಲೆ ಹೊಳೆ ಮೀನು, ಬಳಚು (ಚಿಪ್ಪು ಮೀನು) ಸಿಕ್ಕರೆ ಸಿಕ್ಕಿತು.

ದಾವಣಗೆರೆ ಮಂಡಕ್ಕಿ (ಮೇ 18)

ನಾವು ಸಸ್ಯಾಹಾರಿಗಳು ಸರ್. ಆದರೆ ನೆಂಟರ ಬಗ್ಗೆ ಹೇಳಿದ್ದು ಬರೆದಿಟ್ಟುಕೊಂಡೆ. ಅಣ್ಣನ ಮಕ್ಕಳು ಆಗಲೇ ರೈಲಿನ ಟಿಕೆಟ್ ನೋಡುತ್ತಿದ್ದಾರೆ.

ಅಂಕೋಲೆಯ ಮಾಸ್ತರು (ಮೇ 19)

ರೈಲಿನ ಮಾತು ಬಂತಲ್ಲ. ಕೊಂಕಣ ರೈಲ್ವೆಗೆ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇದೆ. ಗುಡ್ಡ ಕುಸಿಯುವ ಭಯಕ್ಕೆ ಗಾಡಿ ನಿಧಾನ ಬಿಡುತ್ತಾರೆ. ಹಳೇ ಸಮಯ ನಂಬಿಕೊಂಡು ಗೋಕರ್ಣ ರೋಡ್ ಸ್ಟೇಷನ್‌ಗೆ ಹೋಗಬೇಡಿ. ಸ್ಟೇಷನ್ ಊರಿಂದ ಸುಮಾರು 10 ಕಿ.ಮೀ. ದೂರ, ರಾತ್ರಿ ಮಳೆಯಲ್ಲಿ ಆಟೋದವರು ಹೇಳಿದ್ದೇ ರೇಟು.

ನಿಮ್ಮ ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ 1000 ಮಿ.ಮೀ. ಮುಟ್ಟುವುದಿಲ್ಲ. ಇಲ್ಲಿ 3000 ದಾಟುತ್ತದೆ, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಬರೀ ನಾಲ್ಕು ತಿಂಗಳಲ್ಲಿ. ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 204 ಮಿ.ಮೀ.ಗಿಂತ ಜಾಸ್ತಿ ಬೀಳಬಹುದು ಅಂತ. ಮೊದಲು ನಾವೂ ಅಲರ್ಟ್ ಅಂದರೆ ಶಾಲೆಗೆ ರಜೆ ಅಂತಷ್ಟೇ ತಿಳಿದಿದ್ದೆವು. 2024ರ ಜುಲೈ 16ಕ್ಕೆ ನಮ್ಮ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂತು, ಚಹಾ ಅಂಗಡಿ, ಲಾರಿ ಎಲ್ಲ ಹೋಯಿತು. ನಾನು ಅದೇ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದವನು. ಈಗ ರೆಡ್ ಅಲರ್ಟ್ ಇದ್ದ ದಿನ ಗುಡ್ಡ ಕಡಿದ ಜಾಗದಲ್ಲಿ ಗಾಡಿ ನಿಲ್ಲಿಸುವುದಿಲ್ಲ, ಚಹಾಕ್ಕೂ ಇಲ್ಲ. ನೀವು ಗೋಕರ್ಣದಲ್ಲೇ ಮನೆ ಮಾಡುವುದು ಒಳ್ಳೆಯದೇ. ದಿನಾ ಹೆದ್ದಾರಿ ಹತ್ತುವುದು ತಪ್ಪುತ್ತದೆ.

ಕೋಟಿತೀರ್ಥದ ಪಕ್ಕದವಳು (ಮೇ 19)

ಮಾಸ್ತರೇ, ಪಾಪ ಆ ಹುಡುಗಿಗೆ ನಿದ್ದೆ ಬರಬೇಕಲ್ಲ. ತಂಗಿ, ಒಳ್ಳೇದೂ ಇದೆ. ಬಾವಿಯಲ್ಲಿ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಕುದಿಸಿ ಕುಡಿ, ಅಷ್ಟೇ. ಕೆಸುವಿನ ಎಲೆ ಬರುತ್ತದೆ, ಪತ್ರೊಡೆ ಮಾಡುವುದು ಅಮ್ಮನಿಗೆ ನಾನು ಕಲಿಸುತ್ತೇನೆ. ದೇವಸ್ಥಾನದಲ್ಲಿ ಸಾಲು ಇರುವುದಿಲ್ಲ. ಶಿವರಾತ್ರಿಗೆ ಆ ಬೀದಿ ನೋಡಿದ್ದೀಯಲ್ಲ, ಆಷಾಢದ ಒಂದು ಮಧ್ಯಾಹ್ನ ಅಲ್ಲೇ ನಿಂತು ನೋಡು. ನಾಯಿ ಕೂಡ ಇರಲ್ಲ. ವರ್ಷದಲ್ಲಿ ಆ ನಾಲ್ಕು ತಿಂಗಳು ಮಾತ್ರ ಊರು ನಮ್ಮದು.

ದಾವಣಗೆರೆ ಮಂಡಕ್ಕಿ (ಜುಲೈ 28)

ಎರಡು ತಿಂಗಳಾಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮನೆ ಬಂಕಿಕೊಡ್ಲದಲ್ಲಿ ಸಿಕ್ಕಿತು, 11 ತಿಂಗಳ ಕರಾರು. ಅಮ್ಮ ಮೇ 26ಕ್ಕೆ ಬಂದರು, ಮಳೆಯೂ ಅವರ ಹಿಂದೆಯೇ ಬಂತು. ಮೊದಲ ಹತ್ತು ದಿನ ಅಮ್ಮ ಕಿಟಕಿ ಹತ್ತಿರ ಕೂತು “ಇದು ಯಾವಾಗ ನಿಲ್ಲುತ್ತೆ” ಅಂತ ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಸದ್ದು ಕೇಳಿಯೇ “ಇದು ಗಾಳಿ ಮಳೆ, ಹತ್ತು ನಿಮಿಷ. ಆಮೇಲೆ ಬರೋದು ಜಡಿಮಳೆ” ಅಂತಾರೆ. ಪಕ್ಕದ ಮನೆಯವರ ಹತ್ತಿರ ಪುಷ್ಯ ಮಳೆ, ಆಶ್ಲೇಷ ಮಳೆ ಅಂತ ಲೆಕ್ಕ ಮಾಡುತ್ತಾರೆ. ಮಾತು ಮಾತ್ರ ಇನ್ನೂ ದಾವಣಗೆರೆಯದೇ.

ನನ್ನ ಆಫೀಸ್ ಬ್ಯಾಗ್‌ಗೆ ಬಿಳಿ ಕೂದಲು ಬಂತು. ಅಕ್ಕ ಹೇಳಿದ್ದು ಕೇಳಲಿಲ್ಲ, ಅನುಭವಿಸಿದೆ. ಕನ್ನಡಕದ ಡಬ್ಬಿಯೊಳಗೂ ಬೂಷ್ಟು, ಅದನ್ನು ಯಾರೂ ಹೇಳಿರಲಿಲ್ಲ. ಬ್ಯಾಂಕಿನಲ್ಲಿ ನೋಟುಗಳು ಒದ್ದೆ ದೋಸೆಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಮೀನಿನವರು ತಂದರೆ ವಾಸನೆಯೂ ಜೊತೆಗೆ. ಕರೆಂಟ್ ಹೋದರೆ ಕೌಂಟರ್ ಮುಂದೆ ಇಪ್ಪತ್ತು ಕೊಡೆಗಳಿಂದ ನೀರು ಸೋರುವುದನ್ನು ನೋಡುತ್ತಾ ಕೂರುವುದು.

ಅಣ್ಣನ ಮಕ್ಕಳು ಬಂದಿದ್ದರು. ಸರಿಯಾಗಿ ಬಿಸಿಲು ಬಿದ್ದ ದಿನವೇ ಕಡಲು ಅಂತ ಹಠ. ತದಡಿ ಸರ್ ಹೇಳಿದ್ದು ನೆನಪಾಗಿ, ಮೇನ್ ಬೀಚಿನ ಮರಳಿನ ಮೇಲೆ ನಿಲ್ಲಿಸಿಕೊಂಡೇ ತೋರಿಸಿದೆ. ದೊಡ್ಡವನು ಅರ್ಧ ದಿನ ಮಾತಾಡಲಿಲ್ಲ. ಪರವಾಗಿಲ್ಲ.

ಇನ್ನು ಮಂಡಕ್ಕಿ. ಚೀಲ ಬಿಚ್ಚಿದ ಮೂರನೇ ದಿನಕ್ಕೆ ಮೆತ್ತಗಾಯಿತು. ಬಾಣಲೆಯಲ್ಲಿ ಹುರಿದು ಗರಿಗರಿ ಮಾಡಿದರೆ ತಟ್ಟೆಗೆ ಹಾಕಿ ಬಾಯಿಗೆ ಇಡುವಷ್ಟರಲ್ಲಿ ಮತ್ತೆ ಮೆತ್ತಗೆ. ಅಮ್ಮ ಒಂದು ವಾರ ಅದನ್ನೇ ನೋಡಿಕೊಂಡು ಸುಮ್ಮನಿದ್ದರು. ಆಮೇಲೆ ಒಂದು ಬೆಳಿಗ್ಗೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿಕೊಂಡು ಒಗ್ಗರಣೆ ಮಂಡಕ್ಕಿಗೆ ಇಟ್ಟರು. ನಮ್ಮಲ್ಲಿ ಅದಕ್ಕೆ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಬೇಕು. ಅಮ್ಮ ಚೀಲದಿಂದ ನೇರ ಬಾಣಲೆಗೆ ಸುರಿದರು. “ನೆನೆಸೋ ಕೆಲಸ ಉಳೀತು ನೋಡು” ಅಂದರು.

ಅಕ್ಕ, ಭಾನುವಾರ ಪತ್ರೊಡೆ ಕಲಿಯಲು ಕರೆದುಕೊಂಡು ಬರುತ್ತೇನೆ. ಕೆಸುವಿನ ಎಲೆ ನಮ್ಮ ಬೇಲಿಯಲ್ಲೇ ಇದೆ, ತರಲಾ?