'ಚೆಕ್ಸ್ ಅಂಡ್ ಬ್ಯಾಲೆನ್ಸಸ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ಅಮೆರಿಕದ ಪೌರತ್ವದ ಸಂದರ್ಶನಕ್ಕೆ ಓದುತ್ತಿದ್ದಾರೆ. 55 ದಾಟಿ, ಗ್ರೀನ್ ಕಾರ್ಡ್ ಮೇಲೆ 15 ವರ್ಷ ಇಲ್ಲಿ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಸರ್ಕಾರ, ಚರಿತ್ರೆಯ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ತಮ್ಮ ಭಾಷೆಯಲ್ಲೇ ಉತ್ತರ ಹೇಳಬಹುದು. ಸಂಜೆ ಅಡುಗೆಮನೆಯಲ್ಲಿ ಸದ್ಯಕ್ಕೆ ನಾನೇ ದುಭಾಷಿ.

ಸರ್ಕಾರಕ್ಕೆ ಮೂರು ಅಂಗ ಯಾಕೆ ಅಂತ ಒಂದು ಪ್ರಶ್ನೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಮ್ಮನಿಗೆ ಗೊತ್ತೇ ಇತ್ತು. 'ಚೆಕ್ಸ್ ಅಂಡ್ ಬ್ಯಾಲೆನ್ಸಸ್' ಅಂದೆ. "ಬ್ಯಾಂಕಿನ ವಿಷಯ ಇಲ್ಲಿ ಯಾಕೆ ಬಂತು?" ಅಂದರು.

'ನಿಯಂತ್ರಣ ಮತ್ತು ಸಮತೋಲನ' ಅಂತ ಕೆಲವರು ಬರೆಯುತ್ತಾರೆ. ಅದನ್ನು ಕೇಳಿದರೆ ಯಾರೋ ಮೇಲೆ ಕೂತು ಎಲ್ಲರನ್ನೂ ನಿಯಂತ್ರಿಸುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ? ಪತ್ರಿಕೆಗಳಿಗೆ ಪ್ರೀತಿಯ 'ಕಡಿವಾಣ', 'ಮೂಗುದಾರ'ಗಳದ್ದೂ ಅದೇ ಕಥೆ. ಹಗ್ಗ ಹಿಡಿದವನು ಒಬ್ಬ, ಎಳೆಸಿಕೊಳ್ಳೋದು ಇನ್ನೊಬ್ಬ. ಇಲ್ಲಿ ಹಾಗಲ್ಲ, ಪ್ರತಿ ಅಂಗವೂ ಇನ್ನೊಂದನ್ನು ತಡೆಯಬಹುದು. ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಮಸೂದೆ ಪಾಸು ಮಾಡಿದರೆ ಅಧ್ಯಕ್ಷರು ವೀಟೊ ಹಾಕಿ ತಡೆಯಬಹುದು, ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಆ ವೀಟೊಗೂ ಬೆಲೆ ಇಲ್ಲ. ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶರನ್ನು ಹೆಸರಿಸೋದು ಅಧ್ಯಕ್ಷರು, ಒಪ್ಪೋದು ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್, ಆಮೇಲೆ ಅದೇ ಕೋರ್ಟು ಇಬ್ಬರ ತೀರ್ಮಾನವನ್ನೂ ಹೊಡೆದುಹಾಕಬಹುದು. 1952ರಲ್ಲಿ ಆಗಿನ ಅಧ್ಯಕ್ಷ ಟ್ರೂಮನ್ ಕೊರಿಯಾ ಯುದ್ಧದ ಕಾರಣ ಹೇಳಿ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಾಗ, ಕೋರ್ಟು 6-3ರಲ್ಲಿ ಆಗೋದಿಲ್ಲ ಅಂದಿತು. ಆ ಆರು ಜನರಲ್ಲಿ ಇಬ್ಬರು ಟ್ರೂಮನ್ನರೇ ನೇಮಿಸಿದವರು! ಕಾರ್ಖಾನೆಗಳನ್ನು ವಾಪಸು ಕೊಟ್ಟರು.

ಇದಿಷ್ಟನ್ನೂ ಕೇಳಿ ಅಮ್ಮ ಹೇಳಿದ್ದು: "ಒಬ್ಬರ ಜುಟ್ಟು ಇನ್ನೊಬ್ಬರ ಕೈಲಿ ಅನ್ನು, ಮುಗೀತು."

ನನಗಂತೂ ಇದಕ್ಕಿಂತ ಒಳ್ಳೆ ಅನುವಾದ ಸಿಕ್ಕಿಲ್ಲ. ಆದರೆ ದುಭಾಷಿ ಇದನ್ನು ಪದಕ್ಕೆ ಪದ ಇಂಗ್ಲಿಷ್ ಮಾಡಿಬಿಟ್ಟರೆ ಅಧಿಕಾರಿ ತಲೆಗೂದಲು ನೋಡಿಕೊಳ್ಳಬೇಕಾಗುತ್ತದೆ. 'ಅಂಕೆ' ಆಗಬಹುದಾ ಅಂತ ನನ್ನ ಯೋಚನೆ. ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು ಅನ್ನೋ ಅಂಕೆ. 'ಪರಸ್ಪರ ಅಂಕೆ' ಅಂದರೆ ಅಂಕಿ-ಸಂಖ್ಯೆಯ ಅಂಕೆ ಅಂದುಕೊಳ್ಳುತ್ತಾರಾ? 'ಪರಸ್ಪರ ಹಿಡಿತ' ವಾಸಿಯಾ? 'ಬ್ಯಾಲೆನ್ಸ್' ಅನ್ನು ಬಿಟ್ಟೇಬಿಡಬಹುದು ಅನ್ನಿಸುತ್ತದೆ. ಹಿಡಿತ ಎರಡೂ ಕಡೆಗೆ ಇದ್ದರೆ ತೂಕ ತಾನಾಗೇ ಬರುತ್ತದಲ್ಲ.

ಇದೇ ಪ್ರಶ್ನೆಗೆ ಇನ್ನೊಂದು ಉತ್ತರವೂ ನಡೆಯುತ್ತದೆ, ಸೆಪರೇಶನ್ ಆಫ್ ಪವರ್ಸ್, ಅಂದರೆ ಮೂರು ಅಂಗಗಳ ಅಧಿಕಾರವನ್ನು ಬೇರೆ ಬೇರೆ ಇಡೋದು. ಸುಮ್ನೆ 'ಅಧಿಕಾರ ಹಂಚಿಕೆ' ಅಂದೆ, ಕೆಟ್ಟೆ. ಅಮ್ಮನಿಗೆ ಕರ್ನಾಟಕದಲ್ಲಿ 2006ರ ಜೆಡಿಎಸ್-ಬಿಜೆಪಿ ಒಪ್ಪಂದ, 'ನಿನಗೆ 20 ತಿಂಗಳು, ನನಗೆ 20 ತಿಂಗಳು' ನೆನಪಾಯಿತು. 'ವಿಭಜನೆ' ಅಂದರೆ ದೇಶವನ್ನೋ ಮನೆಯನ್ನೋ ಒಡೆದ ಹಾಗೆ ಕೇಳಿಸುತ್ತದೆ. ನಮ್ಮಲ್ಲಿ ಮಂತ್ರಿ ಆಗಬೇಕಾದರೆ ಆರು ತಿಂಗಳೊಳಗೆ ಸದನದ ಸದಸ್ಯ ಆಗಲೇಬೇಕು, ಇಲ್ಲಿ ಮಂತ್ರಿ ಆದವರು ಕಾಂಗ್ರೆಸ್ಸಿನಲ್ಲಿ ಇರುವ ಹಾಗೇ ಇಲ್ಲ. ಅಷ್ಟು ಕಟ್ಟುನಿಟ್ಟಾಗಿ ಬೇರೆ ಇಡೋದಕ್ಕೆ 'ಅಧಿಕಾರ ಬೇರ್ಪಡಿಕೆ' ಸರಿಹೋಗುತ್ತದಾ?

ಕೋರ್ಟು ಕಚೇರಿಗಳಲ್ಲಿ ದುಭಾಷಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ನೀವು ಬಾಯಲ್ಲಿ ಏನು ಹೇಳುತ್ತೀರಿ ಅಂತ ತಿಳಿಸಿ. ನಿಘಂಟಿನ ಪದ ನನ್ನ ಹತ್ತಿರವೂ ಇದೆ.