ಐಸಿಯು ಚಾರ್ಟಿನ ಅಂಕಿಗಳು ಏರುಪೇರಾಗಿದ್ದರೂ ವೈದ್ಯರು ಸುಮ್ಮನಿರುವುದೇಕೆ?

ಪ್ರಶ್ನೆ: ಹಿರಿಮಗ

ನಮ್ಮ ತಂದೆಯವರು ತೀವ್ರ ನ್ಯುಮೋನಿಯಾದಿಂದ ಹತ್ತೊಂಬತ್ತು ದಿನ ಐಸಿಯುನಲ್ಲಿದ್ದು, ಅದರಲ್ಲಿ ಹನ್ನೊಂದು ದಿನ ವೆಂಟಿಲೇಟರ್ ಮೇಲೆ ಕಳೆದು, ಈಗ ಮನೆಗೆ ಬಂದಿದ್ದಾರೆ. ಆದ್ದರಿಂದ ಇದು ದೂರಲ್ಲ, ಮನಸ್ಸಿನಲ್ಲೇ ಉಳಿದುಹೋದ ಒಂದು ಗೊಂದಲ. ಭೇಟಿಯ ಹೊತ್ತಿನಲ್ಲಿ ನಾನು ಅವರ ಚಾರ್ಟ್ ನೋಡಿ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದೆ. ಹಿಮೋಗ್ಲೋಬಿನ್ 7.6ಕ್ಕೆ ಇಳಿದಾಗಲೂ ರಕ್ತ ಕೊಡಲಿಲ್ಲ. ಸಕ್ಕರೆ 170ರ ಆಸುಪಾಸಿನಲ್ಲಿದ್ದುದನ್ನು ಕೇಳಿದರೆ ‘ಅಷ್ಟಿರಲಿ’ ಎಂದರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೆ ಎಂದು ಅವರೇ ಹೇಳಿದರೂ ವೆಂಟಿಲೇಟರ್ ಕೊಡುವ ಉಸಿರನ್ನು 400 ಮಿಲಿಲೀಟರ್‌ಗಿಂತ ಮೇಲೆ ಏರಿಸಲಿಲ್ಲ. ತಂದೆಯವರ ತೂಕವೋ 92 ಕಿಲೊ. ಇದು ಸಂಶೋಧನೆಯ ಆಧಾರದ ಮೇಲೆ ನಡೆಯುವ ಕ್ರಮವೇ, ಅಥವಾ ಆಯಾ ಡ್ಯೂಟಿ ಡಾಕ್ಟರರ ಮರ್ಜಿಯೇ? ಪ್ರಜ್ಞೆಯೇ ಇಲ್ಲದ ರೋಗಿಗಳ ಮೇಲೆ ಇಂಥ ಸಂಶೋಧನೆಗೆ ಒಪ್ಪಿಗೆ ಕೊಡುವವರಾದರೂ ಯಾರು?

ಉತ್ತರ 1: ತೀವ್ರನಿಗಾ ವೈದ್ಯ

ನೀವು ಬರೆದುಕೊಂಡ ಮೂರು ಅಂಕಿಗಳ ಹಿಂದೆಯೂ ದೊಡ್ಡ ಅಧ್ಯಯನಗಳಿವೆ. ಮೊದಲು ಉಸಿರಿನ ವಿಷಯ. ಶ್ವಾಸಕೋಶ ತೀವ್ರವಾಗಿ ಹಾಳಾದಾಗ ಅದರ ಬಹುಭಾಗ ನೀರು ತುಂಬಿ ಮುಚ್ಚಿಹೋಗಿರುತ್ತದೆ. ಗಾಳಿ ಹೋಗುವುದು ಉಳಿದ ಚಿಕ್ಕ ಭಾಗಕ್ಕೆ ಮಾತ್ರ. ರಕ್ತಪರೀಕ್ಷೆಯ ಅಂಕಿ ಸರಿಹೋಗಲೆಂದು ದೊಡ್ಡ ಉಸಿರು ತಳ್ಳಿದರೆ ಆ ಆರೋಗ್ಯವಾಗಿರುವ ಭಾಗವೇ ಹಿಗ್ಗಿ ಗಾಯಗೊಳ್ಳುತ್ತದೆ. 2000ರಲ್ಲಿ ಪ್ರಕಟವಾದ, ಅಮೆರಿಕದ ಎಆರ್‌ಡಿಎಸ್ (ಇಂಥ ತೀವ್ರ ಶ್ವಾಸಕೋಶ ಹಾನಿಯ ಹೆಸರು) ನೆಟ್‌ವರ್ಕ್ ನಡೆಸಿದ ಅಧ್ಯಯನದಲ್ಲಿ 861 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಂದಿನ ವಾಡಿಕೆಯಂತೆ ಕಿಲೊಗೆ 12 ಮಿಲಿಲೀಟರ್, ಇನ್ನೊಂದಕ್ಕೆ 6 ಮಿಲಿಲೀಟರ್ ಉಸಿರು ಕೊಡಲಾಯಿತು. ದೊಡ್ಡ ಉಸಿರಿನ ಗುಂಪಿನಲ್ಲಿ ಶೇ. 39.8 ಮಂದಿ ತೀರಿಕೊಂಡರೆ ಸಣ್ಣ ಉಸಿರಿನ ಗುಂಪಿನಲ್ಲಿ ಶೇ. 31. ಸೋಜಿಗವೆಂದರೆ, ಮೊದಲ ದಿನಗಳಲ್ಲಿ ರಕ್ತದ ಆಮ್ಲಜನಕದ ಅಂಕಿ ಚೆನ್ನಾಗಿದ್ದದ್ದು ಹೆಚ್ಚು ಸಾವು ಕಂಡ ಗುಂಪಿನಲ್ಲೇ.

ಇನ್ನು 92 ಕಿಲೊ ತೂಕದ ಮಾತು. ಇಲ್ಲಿ ಲೆಕ್ಕಕ್ಕೆ ಬರುವುದು ತಕ್ಕಡಿಯ ತೂಕವಲ್ಲ. ಎತ್ತರ ಮತ್ತು ಲಿಂಗದಿಂದ ಅಂದಾಜಿಸಿದ ತೂಕ. 170 ಸೆಂಟಿಮೀಟರ್ ಎತ್ತರದ ಗಂಡಸಿಗೆ ಅದು ಸುಮಾರು 66 ಕಿಲೊ ಆಗುತ್ತದೆ. ಅದನ್ನು ಆರರಿಂದ ಗುಣಿಸಿದರೆ 400ರ ಹತ್ತಿರ. ಹೊಟ್ಟೆ ಬಂದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಷ್ಟೆ.

ರಕ್ತದ ಬಗ್ಗೆ 1999ರಲ್ಲಿ ಕೆನಡಾದಿಂದ 838 ರೋಗಿಗಳ ಅಧ್ಯಯನವೊಂದು ಬಂತು. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಾಗ ಮಾತ್ರ ರಕ್ತ ಕೊಟ್ಟವರು, 10ಕ್ಕಿಂತ ಇಳಿದೊಡನೆ ಕೊಟ್ಟವರಿಗಿಂತ ಯಾವ ರೀತಿಯಲ್ಲೂ ಕೆಟ್ಟ ಸ್ಥಿತಿಗೆ ಹೋಗಲಿಲ್ಲ. ಆದರೆ ಈ 7 ಎಂಬುದು ಎಲ್ಲರಿಗೂ ಹಾಕಿದ ಗೆರೆಯಲ್ಲ. ಹೃದಯಾಘಾತವಾದವರಲ್ಲಿ, ರಕ್ತಸ್ರಾವ ನಿಲ್ಲದವರಲ್ಲಿ ಇಷ್ಟು ಕಾಯುವುದಿಲ್ಲ.

ಉತ್ತರ 2: ಅಂಕಿಸಂಖ್ಯೆಯವನು

ಸಕ್ಕರೆಯ ಕಥೆಯನ್ನು ಡಾಕ್ಟರ್ ಸಾಹೇಬರು ನನಗೆಂದೇ ಬಿಟ್ಟುಕೊಟ್ಟಂತಿದೆ. ಸಂಶೋಧನೆಯ ಪ್ರಬಂಧಗಳನ್ನು ಹೇಗೆ ಓದಬೇಕೆಂದು ಹೇಳಿಕೊಡುವಾಗ ನಾನು ಯಾವಾಗಲೂ ತೆಗೆದುಕೊಳ್ಳುವ ಉದಾಹರಣೆ ಅದೇ. 2001ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ, ಬಹುತೇಕ ಶಸ್ತ್ರಚಿಕಿತ್ಸೆಯಾಗಿ ಬಂದಿದ್ದ 1548 ರೋಗಿಗಳಲ್ಲಿ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು 80ರಿಂದ 110ರೊಳಗೆ ಕಟ್ಟಿಹಾಕಿದಾಗ ಐಸಿಯು ಸಾವು ಶೇ. 8ರಿಂದ 4.6ಕ್ಕೆ ಇಳಿಯಿತು. ಜಗತ್ತಿನಾದ್ಯಂತ ಐಸಿಯುಗಳು ಅದನ್ನೇ ಹಿಡಿದವು. 2009ರಲ್ಲಿ 6104 ರೋಗಿಗಳ ನೈಸ್-ಶುಗರ್ ಅಧ್ಯಯನ ಪ್ರಕಟವಾದಾಗ ಫಲಿತಾಂಶ ತಿರುಗುಮುರುಗಾಗಿತ್ತು: ತೊಂಬತ್ತು ದಿನಗಳಲ್ಲಿ, ಬಿಗಿ ಹಿಡಿತದ ಗುಂಪಿನಲ್ಲಿ ಶೇ. 27.5 ಸಾವು, 180ರವರೆಗೆ ಬಿಟ್ಟ ಗುಂಪಿನಲ್ಲಿ ಶೇ. 24.9. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದದ್ದು ಮೊದಲನೆಯ ಗುಂಪಿನಲ್ಲಿ ಶೇ. 6.8 ಮಂದಿಗೆ, ಎರಡನೆಯದರಲ್ಲಿ ಶೇ. 0.5 ಮಂದಿಗೆ ಮಾತ್ರ. ನಿಮ್ಮ ತಂದೆಯವರ 170 ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಹಾಗೆಂದು ಲ್ಯೂವೆನ್‌ನವರು ತಪ್ಪು ಮಾಡಿದರೆಂದು ನಾನು ಹೇಳುವುದಿಲ್ಲ. ಒಂದೇ ಆಸ್ಪತ್ರೆಯಲ್ಲಿ, ಅಲ್ಲಿನದೇ ಆಹಾರಕ್ರಮ ಮತ್ತು ಅಲ್ಲಿನದೇ ಸಿಬ್ಬಂದಿಯ ನಡುವೆ ಕಂಡ ಲಾಭ ಬೇರೆಡೆಗೆ ಹಾಗೆಯೇ ವರ್ಗವಾಗುವುದಿಲ್ಲ. ಇನ್ನೊಂದು ಎಚ್ಚರಿಕೆ: ‘ಚಿಕಿತ್ಸೆ ಕಡಿಮೆ ಮಾಡಿದಷ್ಟೂ ಒಳ್ಳೆಯದು’ ಎಂಬ ಹೊಸ ಮಂತ್ರವೂ ಬೇಡ. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನದಲ್ಲಿ, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧ ಕೊಟ್ಟಾಗ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಕೊಡದೆ ಸುಮ್ಮನಿದ್ದಿದ್ದರೆ ಅಷ್ಟು ಜನ ಉಳಿಯುತ್ತಿರಲಿಲ್ಲ.

ಒಪ್ಪಿಗೆಯ ಪ್ರಶ್ನೆಗೆ ಚಿಕ್ಕದಾಗಿ ಹೇಳುವುದಾದರೆ, ರೋಗಿಯ ಪರವಾಗಿ ಸಾಮಾನ್ಯವಾಗಿ ಹತ್ತಿರದ ಬಂಧುಗಳು ಸಹಿ ಮಾಡುತ್ತಾರೆ. ನಿಮಿಷಗಳ ಲೆಕ್ಕದಲ್ಲಿ ಚಿಕಿತ್ಸೆ ಶುರುವಾಗಬೇಕಾದಾಗ, ನೈತಿಕ ಸಮಿತಿಯ ಪೂರ್ವಾನುಮತಿಯಿದ್ದರೆ, ಕೆಲವು ದೇಶಗಳಲ್ಲಿ ಮೊದಲು ಸೇರಿಸಿಕೊಂಡು ನಂತರ ಒಪ್ಪಿಗೆ ಪಡೆಯುವ ಕ್ರಮವಿದೆ. ಪ್ರಜ್ಞೆ ಬಂದ ರೋಗಿ ಬೇಡವೆಂದರೆ ಅಲ್ಲಿಗೆ ಕೈಬಿಡಬೇಕು. ನಿಮ್ಮ ತಂದೆಯವರ ವಿಷಯದಲ್ಲಿ ನೀವು ಹೇಳಿದ್ದಿಷ್ಟರಿಂದ ನೋಡಿದರೆ, ಅವರ ಮೇಲೆ ಪ್ರಯೋಗ ನಡೆದಿಲ್ಲ. ಈಗಾಗಲೇ ಮುಗಿದ ಅಧ್ಯಯನಗಳ ಫಲವನ್ನು ಬಳಸಲಾಗಿದೆ.

ಉತ್ತರ 3: ರಾತ್ರಿಪಾಳಿ ಸಿಸ್ಟರ್

ಮೇಲಿನ ಇಬ್ಬರೂ ಅಂಕಿಗಳನ್ನು ಹೇಳಿದ್ದಾರೆ. ಅವು ಹಾಸಿಗೆಯ ಪಕ್ಕದಲ್ಲಿ ಹೇಗಿರುತ್ತವೆಂದು ನಾನು ಹೇಳುತ್ತೇನೆ. ರೋಗಿಯನ್ನು ಬೋರಲು ಮಲಗಿಸುವುದನ್ನೇ ತೆಗೆದುಕೊಳ್ಳಿ. 2013ರ ಫ್ರಾನ್ಸ್ ಮುಂದಾಳತ್ವದ ಅಧ್ಯಯನದಲ್ಲಿ, ತೀರಾ ಹದಗೆಟ್ಟ ಶ್ವಾಸಕೋಶದ ರೋಗಿಗಳನ್ನು ಒಂದೇ ಸಮನೆ ಹದಿನಾರು ಗಂಟೆಗೆ ಕಡಿಮೆಯಿಲ್ಲದಂತೆ ಬೋರಲು ಮಲಗಿಸಿದಾಗ ಇಪ್ಪತ್ತೆಂಟು ದಿನಗಳ ಸಾವು ಶೇ. 32.8ರಿಂದ 16ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಆದರೆ ಹೊರಳಿಸಲು ನಮಗೆ ಐದು ಜನ ಬೇಕು: ತಲೆಯ ಬಳಿ ನಿಂತವರು ಉಸಿರಿನ ಕೊಳವೆಯನ್ನು ಬಿಡದೆ ಹಿಡಿದು ಎಣಿಕೆ ಹೇಳುತ್ತಾರೆ, ಉಳಿದವರು ಆ ಎಣಿಕೆಗೆ ಸರಿಯಾಗಿ ಹಾಸುಬಟ್ಟೆಯ ಸಮೇತ ಹೊರಳಿಸುತ್ತಾರೆ. ಆಮೇಲೆ ಕೆನ್ನೆ, ಹಣೆ, ಮೊಣಕಾಲಿನ ಕೆಳಗೆ ಮೆತ್ತೆಯಿಟ್ಟು, ಎರಡು ಗಂಟೆಗೊಮ್ಮೆ ಮುಖ ತಿರುಗಿಸುತ್ತಿರಬೇಕು. ಪ್ರಬಂಧದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಕೆಲಸ ಇದು.

ಮರುಪ್ರಶ್ನೆ: ಹಿರಿಮಗ

ಮೂವರಿಗೂ ಕೃತಜ್ಞತೆಗಳು. ತಂದೆಯವರ ಎತ್ತರ 171, ಲೆಕ್ಕ ಸರಿಹೋಯಿತು. ಸಿಸ್ಟರ್ ಅವರಲ್ಲಿ ಇನ್ನೊಂದು ಮಾತು ಕೇಳಬೇಕಿತ್ತು. ಬೆಳಿಗ್ಗೆ ಮಂಪರಿನ ಔಷಧ ನಿಲ್ಲಿಸಿದಾಗ ಅವರು ಒದ್ದಾಡುವುದನ್ನು ನೋಡಲಾಗುತ್ತಿರಲಿಲ್ಲ. ಮಲಗಿಸಿಯೇ ಇಡಬಾರದಿತ್ತೇ? ಈಗಲೂ ಅವರು, ಚಾವಣಿಯಿಂದ ಯಾರೋ ಹಗ್ಗ ಇಳಿಬಿಡುತ್ತಿದ್ದರೆಂದು ಹೇಳುತ್ತಿರುತ್ತಾರೆ.

ಉತ್ತರ 4: ರಾತ್ರಿಪಾಳಿ ಸಿಸ್ಟರ್

ಸರ್, ನೋಡುವವರಿಗೆ ಅದು ಕಷ್ಟವೇ. ಹಿಂದೆ ನಾವೂ ರೋಗಿ ಅಲುಗಾಡದೆ ಮಲಗಿದ್ದರೆ ಪಾಳಿ ಚೆನ್ನಾಗಿ ಹೋಯಿತೆಂದುಕೊಳ್ಳುತ್ತಿದ್ದೆವು. 2000ರಲ್ಲಿ ಷಿಕಾಗೊದ 128 ರೋಗಿಗಳಲ್ಲಿ, ದಿನಕ್ಕೊಮ್ಮೆ ಮಂಪರು ನಿಲ್ಲಿಸಿ ಎಚ್ಚರಿಸಿ ನೋಡಿದವರು ಸುಮಾರು 4.9 ದಿನದಲ್ಲಿ ವೆಂಟಿಲೇಟರ್‌ನಿಂದ ಹೊರಬಂದರು, ಉಳಿದವರಿಗೆ 7.3 ದಿನ ಬೇಕಾಯಿತು. ವೆಂಟಿಲೇಟರ್ ಮೇಲೆ ಉಳಿಯುವ ಪ್ರತಿ ದಿನವೂ ಹೊಸ ಸೋಂಕಿಗೆ ಅವಕಾಶ. ಮಂಪರಿನ ಕೆಲವು ಔಷಧಗಳು ಬುದ್ಧಿಭ್ರಮೆಗೂ ದಾರಿ ಮಾಡುತ್ತವೆ.

ಹಗ್ಗದ ಮಾತನ್ನು ಅವರ ಬಳಿ ಸುಳ್ಳೆಂದು ತಳ್ಳಿಹಾಕಬೇಡಿ, ನಕ್ಕು ಬಿಡಲೂ ಬೇಡಿ. 2013ರ 821 ರೋಗಿಗಳ ಅಧ್ಯಯನವೊಂದರಲ್ಲಿ ಶೇ. 74 ಮಂದಿಗೆ ಆಸ್ಪತ್ರೆಯಲ್ಲಿದ್ದಾಗ ಇಂಥ ಭ್ರಮೆಯ ಸ್ಥಿತಿ ಉಂಟಾಗಿತ್ತು. ಅದು ಹೆಚ್ಚು ದಿನ ಇದ್ದಷ್ಟೂ ಒಂದು ವರ್ಷದ ಮೇಲೂ ಒಟ್ಟಾರೆ ಯೋಚಿಸುವ, ಯೋಜಿಸುವ ಶಕ್ತಿ ಕುಂದಿರುವುದು ಕಂಡುಬಂತು. ನೀವು ಬರೆದಿಟ್ಟ ಅಂಕಿಗಳ ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರ ಪಕ್ಕದಲ್ಲಿ ಕುಳಿತು ದಿನಾಂಕದ ಪ್ರಕಾರ ಓದಿ: ಯಾವ ದಿನ ಕೊಳವೆ ಹಾಕಿದರು, ಯಾವ ದಿನ ತೆಗೆದರು, ಯಾರು ಬಂದು ನೋಡಿಹೋದರು. ಹಾಸಿಗೆಯ ಮೇಲ್ಗಡೆ ತೂಗುತ್ತಿದ್ದ ಸಲೈನ್ ಪೈಪುಗಳನ್ನೂ ನೆನಪಿಸಿ ನೋಡಿ. ಅವರ ಹಗ್ಗ ಬಹುಶಃ ಅದೇ ಇರಬಹುದು. ಮುಂದಿನ ತಪಾಸಣೆಗೆ ಹೋದಾಗ ನಿದ್ರೆ ಮತ್ತು ಮರೆವಿನ ಬಗ್ಗೆಯೂ ವೈದ್ಯರಿಗೆ ನೀವೇ ಹೇಳಿ. ಅವರಾಗಿ ಹೇಳಿಕೊಳ್ಳುವುದು ಕಡಿಮೆ.