ಉಮಿಯ ಬೂದಿಯಿಂದ ಮಾಡಿದ ಸಿಲಿಕಾ ಏರೋಜೆಲ್ ನೀರು ಹೀರುತ್ತಿದೆ, ಎಲ್ಲಿ ತಪ್ಪಾಗಿರಬಹುದು?

ಪ್ರಶ್ನೆ (ಅಧ್ಯಾಪಕಿ, ಬದಿಯಡ್ಕ)

ನೀರು ಹೀರದ ಸಿಲಿಕಾ ಏರೋಜೆಲ್ (ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ತುಂಬಿದ, ಅತಿ ಹಗುರವಾದ ಘನ) ಮಾಡಲೆಂದು ಇಲ್ಲಿನ ಕುಚ್ಚಿಲಕ್ಕಿ ಗಿರಣಿಯಿಂದ ಉಮಿ ತಂದು, ಆಮ್ಲದಲ್ಲಿ ತೊಳೆದು, 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ದೊರೆತ ಬಿಳಿ ಬೂದಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಿ ಸೋಸಿದೆವು. ಹೀಗೆ ಬಂದ ಸೋಡಿಯಂ ಸಿಲಿಕೇಟಿಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಸೇರಿಸಿದಾಗ ಬೊಂಡದ ಗಂಜಿಯಂತೆ ನಡುಗುವ ಜೆಲ್ ಸಿದ್ಧವಾಯಿತು. ಅದನ್ನು ಒಮ್ಮೆ ತೊಳೆದು ಒಲೆಯಲ್ಲಿ ಒಣಗಿಸಿದರೆ ಕುಗ್ಗಿ, ಕಲ್ಲುಸಕ್ಕರೆಯ ಚೂರುಗಳಂತಾಯಿತು. ಮೇಲೆ ಹಾಕಿದ ನೀರಿನ ಹನಿ ತಕ್ಷಣ ಇಂಗಿಹೋಯಿತು. ಅಧಿಕ ಒತ್ತಡದ ಸಲಕರಣೆ ನಮ್ಮಲ್ಲಿಲ್ಲ. ಉಮಿಗೆ ಬದಲು ಅಡಿಕೆ ಸಿಪ್ಪೆಯನ್ನು ಬಳಸಬಹುದೇ ಎಂಬುದನ್ನೂ ತಿಳಿಸಬೇಕಾಗಿ ವಿನಂತಿ.

ಉತ್ತರ (ರಸಾಯನಶಾಸ್ತ್ರ ಸಂಶೋಧಕ, ಮಂಜೇಶ್ವರ)

ಬೂದಿಯಲ್ಲಿ ದೋಷವಿಲ್ಲ, ಒಣಗಿಸಿದ ಕ್ರಮದಲ್ಲಿದೆ. ಜೆಲ್‌ನ ನ್ಯಾನೋ ರಂಧ್ರಗಳಿಂದ ನೀರು ಆವಿಯಾಗುವಾಗ ಅದರ ಮೇಲ್ಮೈ ಎಳೆತ ಗೋಡೆಗಳನ್ನು ಒಳಕ್ಕೆ ಸೆಳೆಯುತ್ತದೆ; ಹತ್ತಿರ ಬಂದ ಗೋಡೆಗಳ ಸಿಲನಾಲ್ ಗುಂಪುಗಳು (ಸಿಲಿಕಾನಿಗೆ ಅಂಟಿದ ಆಮ್ಲಜನಕ-ಹೈಡ್ರೋಜನ್ ಜೋಡಿಗಳು) ಪರಸ್ಪರ ಬೆಸೆದುಕೊಳ್ಳುವುದರಿಂದ ಕುಗ್ಗಿದ ಜೆಲ್ ಮತ್ತೆ ಅರಳುವುದಿಲ್ಲ. ನೀರನ್ನು ಹೀರುವುದೂ ಆ ಗುಂಪುಗಳೇ. 1931ರಲ್ಲಿ ಸ್ಯಾಮುಯೆಲ್ ಕಿಸ್ಲರ್ ಅಧಿಕ ಒತ್ತಡದಲ್ಲಿ ದ್ರವವನ್ನು ಹೊರತೆಗೆದು ಈ ಎಳೆತದಿಂದ ಪಾರಾದರು. ಸಾಮಾನ್ಯ ಒತ್ತಡದಲ್ಲೇ ಮಾಡಬೇಕೆಂದರೆ ಸಿಲನಾಲ್‌ನ ಹೈಡ್ರೋಜನ್ ಇರುವಲ್ಲಿ ಟ್ರೈಮೀಥೈಲ್‌ಸಿಲೈಲ್ ಎಂಬ, ನೀರನ್ನು ದೂರವಿಡುವ ಗುಂಪನ್ನು ಕೂರಿಸಬೇಕು. ಆಗ ಗೋಡೆಗಳು ಬೆಸೆಯುವುದಿಲ್ಲ, ಒಣಗುವಾಗ ಕುಗ್ಗಿದ ಜೆಲ್ ಕೊನೆಗೆ ತಾನಾಗಿ ಹಿಗ್ಗುತ್ತದೆ.

ಮೊದಲು ಜೆಲ್ಲಿನಲ್ಲಿ ಉಳಿದ ಉಪ್ಪು ಹೋಗಬೇಕು. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಗಸಿ ಕಾಣದಷ್ಟು ಸಲ ತೊಳೆಯಿರಿ. ಬಳಿಕ ಎಥನಾಲ್, ಆಮೇಲೆ ಹೆಕ್ಸೇನ್‌ನಿಂದ ನೀರನ್ನು ಪೂರ್ತಿ ಹೊರಹಾಕಿ, ಆ ಗುಂಪನ್ನು ಒದಗಿಸುವ ಟ್ರೈಮೀಥೈಲ್‌ಕ್ಲೋರೋಸಿಲೇನ್ ಸೇರಿಸಿರಿ. ಎಥನಾಲ್ ಉಳಿದಿದ್ದರೂ ಈ ಸಿಲೇನ್ ಅದರೊಂದಿಗೆ ವರ್ತಿಸಿ ವ್ಯರ್ಥವಾಗುತ್ತದೆ.

ಉತ್ತರ (ಪ್ರಯೋಗಾಲಯ ಸಹಾಯಕ, ಕುಂಬಳೆ)

ಮಳೆಗಾಲದ ಆಟಿ ತಿಂಗಳ ತೇವದಲ್ಲಿ ಆ ಕ್ಲೋರೋಸಿಲೇನ್ ಬಾಟಲಿಯ ಮುಚ್ಚಳ ತೆಗೆದರೆ ಹೈಡ್ರೋಜನ್ ಕ್ಲೋರೈಡಿನ ಬಿಳಿ ಹೊಗೆ ಏಳುತ್ತದೆ. ಹೆಕ್ಸೇನ್ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹೊಗೆಗೂಡು (ವಿಷದ ಹೊಗೆಯನ್ನು ಹೊರಕ್ಕೆ ಸೆಳೆಯುವ ಗೂಡು) ಇಲ್ಲದ ಕೋಣೆಯಲ್ಲಿ ಇದನ್ನು ಮಾಡಲೇಬೇಡಿ. ಅಡಿಕೆ ಸಿಪ್ಪೆ ಬಹುಪಾಲು ನಾರು, ಸಿಲಿಕಾಕ್ಕಾಗಿ ಅದನ್ನು ಸುಡುವುದು ದುಡಿಮೆಗೆ ತಕ್ಕ ಫಲವಲ್ಲ. ಉಮಿಯ ತೂಕದ ಸುಮಾರು ಐದರಲ್ಲಿ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ, ಆ ಬೂದಿಯ ಬಹುಭಾಗ ಸಿಲಿಕಾ. ಗಿರಣಿಯ ಬಾಯ್ಲರಿನ ಬೂದಿಯನ್ನು ಮಾತ್ರ ನೇರವಾಗಿ ಬಳಸಬೇಡಿ: ಅತಿಯಾಗಿ ಕಾದಲ್ಲಿ ಸಿಲಿಕಾ ಹರಳುಗಟ್ಟಿ ಕ್ಷಾರದಲ್ಲಿ ಸುಲಭವಾಗಿ ಕರಗುವುದಿಲ್ಲ, ಸರಿಯಾಗಿ ಉರಿಯದ್ದು ನಮ್ಮ ಅಜ್ಜಂದಿರು ಹಲ್ಲುಜ್ಜುತ್ತಿದ್ದ ಉಮಿಕರಿಯೇ ಸರಿ.

ಪ್ರಶ್ನೆ ಕೇಳಿದವರ ಮರುನುಡಿ

ಇಬ್ಬರಿಗೂ ಧನ್ಯವಾದಗಳು. ಈ ಸಲ ಹನಿ ಕೆಸುವಿನ ಎಲೆಯ ಮೇಲಿನಂತೆ ಉರುಳಿತು. ಆದರೆ ದಪ್ಪ ತುಂಡೊಂದನ್ನು ಮುರಿದು ನೋಡಿದರೆ ನಡುಭಾಗ ಈಗಲೂ ನೀರು ಹೀರುತ್ತಿದೆ. ದ್ರಾವಣ ಅಷ್ಟು ಒಳಕ್ಕೆ ತಲುಪಿಲ್ಲವೆಂದು ತೋರುತ್ತದೆ. ಮುಂದಿನ ಸಲ ಜೆಲ್ಲನ್ನು ತೆಳುವಾಗಿ ಕತ್ತರಿಸಿ, ಹೆಚ್ಚು ಹೊತ್ತು ನೆನೆಸುತ್ತೇವೆ.